ನೈತಿಕ ಹೊಣೆ ಹೊತ್ತು ಕುರ್ಚಿ ಬಿಟ್ಟ ಕೊನೆಯ ದೊಡ್ಡ ಮನುಷ್ಯ ಯಾರು?

ತಿಪಟೂರು_ತೆಂಗು:
ಬೈಗುಳ ಇಲ್ದೆ ಉತ್ತರ ಕೊಡಿ, ಪ್ಲೀಸ್. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಆರ್‌ಸಿಬಿ ಗೆದ್ದ ಸಂಭ್ರಮದ ಕಾಲ್ತುಳಿತದಲ್ಲಿ 11 ಜನ ಸತ್ರು. ಮಾರನೇ ದಿನ ಪೊಲೀಸ್ ಕಮಿಷನರ್ ಸೇರಿ ಐದು ಅಧಿಕಾರಿಗಳು ಸಸ್ಪೆಂಡ್. ಅದಾದ ಮೇಲೆ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ‘ನೈತಿಕ ಹೊಣೆ’ ಅಂತ ರಾಜೀನಾಮೆ ಬರೆದುಕೊಟ್ರು. ಆರ್‌ಸಿಬಿ ಕಡೆಯಿಂದ ಮಾರ್ಕೆಟಿಂಗ್ ಮುಖ್ಯಸ್ಥರು ಅರೆಸ್ಟ್. ಅಲ್ಲಿಗೆ ನಿಂತುಬಿಡ್ತು. ವಿಧಾನಸೌಧದ ಮೆಟ್ಟಿಲ ಮೇಲೆ ತಂಡದ ಜೊತೆ ಫೋಟೊಗೆ ನಿಂತಿದ್ದ ಮಂತ್ರಿಗಳಲ್ಲಿ ಒಬ್ಬರೂ ಕುರ್ಚಿ ಬಿಡಲಿಲ್ಲ. ತಂಡದ ಮಾಲೀಕ ಕಂಪನಿಯ ಬೋರ್ಡಿನಲ್ಲೂ ಯಾರೂ ಕದಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ರಾಜಕೀಯ ಆಗ್ಲಿ, ಕಂಪನಿ ಆಗ್ಲಿ, ಕೋರ್ಟು ಪೊಲೀಸು ಕುತ್ತಿಗೆಗೆ ಬರೋ ಮೊದಲೇ, ತಾನಾಗಿ, ‘ಇದು ನನ್ನ ಕಾಲದಲ್ಲಾಯ್ತು, ನಾನು ಹೋಗ್ತೀನಿ’ ಅಂದ ಕೊನೆಯ ದೊಡ್ಡ ಮನುಷ್ಯ ಯಾರು?

ಹುಬ್ಬಳ್ಳಿ_ಗಿರ್ಮಿಟ್:
ಶಾಸ್ತ್ರೀಜಿ. ಮುಗೀತು, ಥ್ರೆಡ್ ಬಂದ್ ಮಾಡ್ರಿ.

ರಾಜಾಜಿನಗರ_6ನೇ_ಬ್ಲಾಕ್:
ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿನ ತೆಗೆದ್ರಲ್ಲ ಸ್ವಾಮಿ, ಅದನ್ನ ಯಾಕೆ ಬಿಟ್ರಿ?

ತಿಪಟೂರು_ತೆಂಗು:
ತೆಗೆದ್ರು. ನಾನು ಕೇಳಿದ್ದು ಬಿಟ್ಟೋರು ಯಾರು ಅಂತ. ಅಂದಹಾಗೆ ಪೊಲೀಸ್ ಅಧಿಕಾರಿಗಳ ಅಮಾನತೂ ಜುಲೈ ಮುಗಿಯೋದ್ರೊಳಗೆ ವಾಪಸ್ಸಾಯ್ತು.

ಮೈಸೂರು_ಮೇಷ್ಟ್ರು:
ಶಾಸ್ತ್ರೀಜಿ ಹೆಸರು ಹೇಳಿ ಓಡಿಹೋಗಬೇಡಿ. ರೈಲ್ವೆ ಮಂತ್ರಿಯಾಗಿದ್ದಾಗ 1956ರಲ್ಲಿ ಮೊದಲು ಮೆಹಬೂಬ್‌ನಗರದ ರೈಲು ಅಪಘಾತಕ್ಕೆ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಅದಕ್ಕಿಂತ ದೊಡ್ಡದು ನಡೆಯಿತು, ಮತ್ತೆ ಕೊಟ್ಟರು, ಆಗ ಒಪ್ಪಿಕೊಂಡರು. ಎರಡು ಸಲ ಕೊಟ್ಟರು ಅನ್ನುವುದನ್ನು ಯಾರೂ ಹೇಳುವುದಿಲ್ಲ.

1993ರಲ್ಲಿ ಮಾಧವರಾವ್ ಸಿಂಧಿಯಾ ವಿಮಾನಯಾನ ಮಂತ್ರಿ. ಬಾಡಿಗೆಗೆ ತಂದಿದ್ದ ಟುಪೊಲೆವ್ ವಿಮಾನ ದೆಹಲಿಯಲ್ಲಿ ಮಂಜಿನೊಳಗೆ ಇಳಿಯಲು ಹೋಗಿ ಮಗುಚಿತು. ಒಬ್ಬರೂ ಸಾಯಲಿಲ್ಲ. ಆದರೂ ಬಿಟ್ಟರು.

ಇನ್ನು ನಮ್ಮಲ್ಲೇ ರಾಮಕೃಷ್ಣ ಹೆಗಡೆಯವರಿದ್ದರಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ ಜನತಾ ಪಕ್ಷಕ್ಕೆ ಬಂದದ್ದು 4. ವಿಧಾನಸಭೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಜನಾದೇಶ ಹೋಯಿತು ಅಂತ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು, 1985ರಲ್ಲಿ 139 ಸ್ಥಾನ ಗೆದ್ದು ಬಂದರು. ಇವತ್ತು ಯಾವ ಮುಖ್ಯಮಂತ್ರಿಗೆ ಆ ಎದೆಗಾರಿಕೆ ಇದೆ ಹೇಳಿ.

ಹುಬ್ಬಳ್ಳಿ_ಗಿರ್ಮಿಟ್:
ಮೇಷ್ಟ್ರ, ಅದು ಎದೆಗಾರಿಕಿ ಅಲ್ರಿ, ಲೆಕ್ಕಾಚಾರ. ಇಂದಿರಾ ಗಾಂಧಿ ಅನುಕಂಪದ ಅಲಿ ಇಳಿಯೂದ್ರಾಗ ಎಲೆಕ್ಷನ್ ಮಾಡ್ಕೊಂಡ್ರು. ಮತ್ತ 1986ರದ್ದು ಯಾಕ ಬಿಟ್ರಿ? ಸಾರಾಯಿ ಬಾಟ್ಲಿಂಗ್ ಕಂತ್ರಾಟದಾಗ ಹೈಕೋರ್ಟ್ ಛೀಮಾರಿ ಹಾಕ್ತು, ರಾಜೀನಾಮಿ ಕೊಟ್ರು, ಮೂರು ದಿನದಾಗ ವಾಪಸ್ ತಗೊಂಡ್ರು!

ಮೈಸೂರು_ಮೇಷ್ಟ್ರು:
1988ರಲ್ಲಿ ಫೋನ್ ಕದ್ದಾಲಿಕೆಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನೂ ಬರೆಯಿರಿ. ಲೋಕಾಯುಕ್ತ ಕಾಯ್ದೆ ತಂದದ್ದೂ 1984ರಲ್ಲಿ ಅವರ ಸರ್ಕಾರವೇ.

ಹುಬ್ಬಳ್ಳಿ_ಗಿರ್ಮಿಟ್:
ಬರದೆ ಬಿಡ್ರಿ.

ಸಂಡೂರು_ಧೂಳು:
ಲೋಕಾಯುಕ್ತ ಅಂದಿರಲ್ಲ, ನಮ್ಮೂರ ಕಡಿ ಬರ್ರಿ. 2011ರ ಜುಲೈದಾಗ ಸಂತೋಷ್ ಹೆಗ್ಡೆ ಸಾಹೇಬ್ರು ಗಣಿ ರಿಪೋರ್ಟ್ ಕೊಟ್ರು. ಬೊಕ್ಕಸಕ್ಕ 16,085 ಕೋಟಿ ಲುಕ್ಸಾನು. ತಿಂಗಳ ಕೊನಿಗೆ ಯಡಿಯೂರಪ್ಪನವ್ರು ರಾಜೀನಾಮಿ ಕೊಟ್ರು. ಅದನ್ನ ‘ನೈತಿಕ’ ಅಂತೀರೇನು? ದಿಲ್ಲಿಯಿಂದ ಕೊಡಿಸಿದ್ದು ಅದು. ಮುಂದ 2012ರಾಗ ಹೈಕೋರ್ಟ್ ಅವರ ಮ್ಯಾಲಿನ ಭಾಗ ರದ್ದು ಮಾಡ್ತು, 2016ರಾಗ ಸಿಬಿಐ ಕೋರ್ಟಿನಾಗ ಖುಲಾಸೆ ಆದ್ರು, ಮತ್ತ ಎರಡು ಸಲ ಮುಖ್ಯಮಂತ್ರಿ ಆದ್ರು. ಕಾನೂನು ಪ್ರಕಾರ ಅವ್ರು ನಿರ್ದೋಷಿ, ನಾ ಅದರ ಬಗ್ಗೆ ಮಾತಾಡಂಗಿಲ್ಲ.

ನಾ ಮಾತಾಡೂದು ಗುಡ್ಡದ ಬಗ್ಗೆ. ಆಗ ನಾನು ಕಾಲೇಜ್ ಹುಡುಗ. ನಮ್ಮ ಮನಿ ಮುಂದಿನ ಹುಣಸಿಗಿಡದ ಎಲಿ ಹಸರಿದ್ದದ್ದು ಮಳಿ ಬಂದ ಮರುದಿನ ಒಂದಾ ದಿನ. ಉಳಿದ ದಿನ ಕೆಂಪು. ಒಗದ ಧೋತ್ರ ಒಣಗಾಕ ಹಾಕಿದ್ರ ಸಂಜಿಗೆ ಮತ್ತ ಒಗೀಬೇಕು. ರಾತ್ರಿ ಲಾರಿ ಸಾಲು ಹೊಂಟ್ರ ಮನಿ ಪಾತ್ರಿ ಅಲುಗ್ತಿದ್ವು. ಟನ್ನಿಗೆ ಸರ್ಕಾರಕ್ಕ ಕಟ್ಟೂ ರಾಯಲ್ಟಿ ಮೂವತ್ತು ರೂಪಾಯಿಗಿಂತ ಕಡಿಮಿ, ಚೀನಾದಾಗ ಅದಾ ಅದಿರಿಗೆ ಸಾವಿರಾರು ರೂಪಾಯಿ. 2009ರ ಆಗಸ್ಟ್ ಬರೂತನಕ ರಾಯಲ್ಟಿ ಬೆಲಿ ಮ್ಯಾಲ ಹತ್ತು ಪರ್ಸೆಂಟ್ ಅಂತ ಆಗ್ಲೇ ಇಲ್ಲ. ಆ ನಡುವಿನ ವರ್ಷದಾಗ ಬೆಂಗಳೂರು, ದಿಲ್ಲಿ ಎರಡೂ ಕಡಿ ಕುಂತಿದ್ದ ಯಾರೂ ಇದು ಯಾಕಂತ ಕೇಳ್ಲಿಲ್ಲ. ಅವರಾರೂ ರಾಜೀನಾಮಿ ಕೊಡಂಗಿಲ್ಲ, ಯಾಕಂದ್ರ ಅವರ ಮ್ಯಾಲ ಕೇಸಾ ಇಲ್ಲ.

ಅಂಕೋಲಾ_ಕರಿಇಶಾಡು:
ಆ ಲಾರಿಗಳೆಲ್ಲ ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ನಮ್ಮಲ್ಲಿಗೇ ಬರ್ತಿದ್ವು ಮಾರಾಯ್ರೆ. ಬೇಲೇಕೇರಿ ಬಂದರು. 2010ರಲ್ಲಿ ಅರಣ್ಯ ಇಲಾಖೆಯವ್ರು ಸುಮಾರು ಐದು ಲಕ್ಷ ಟನ್ ಅದಿರು ಜಪ್ತಿ ಮಾಡಿದ್ರು. ಜಪ್ತಿ ಮಾಡಿ ಇಟ್ಟ ಅದಿರೇ ಹಡಗು ಹತ್ತಿ ಹೋಯ್ತು! ರಾಶಿ ಕಾಯೋಕೆ ಕೊಟ್ಟಿದ್ದು ಬಂದರಿನವ್ರ ಕೈಗೇ, ಇನ್ನೇನಾಗ್ತದೆ. ಪ್ರಕರಣ ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡೋಕೆ ಹೊರಟಿದ್ರು. ಅದೇ ಸಿಟ್ಟಿಗೆ ಸಂತೋಷ್ ಹೆಗ್ಡೆಯವ್ರು ರಾಜೀನಾಮೆ ಕೊಟ್ರು, ಆಮೇಲೆ ಅಡ್ವಾಣಿ ಮಾತಿಗೆ ವಾಪಸ್ ತಗೊಂಡ್ರು.

2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ಕೋರ್ಟು ಇದೇ ಅದಿರಿನ ಕೇಸಲ್ಲಿ ನಮ್ಮ ಕಾರವಾರದ ಕಾಂಗ್ರೆಸ್ ಶಾಸಕರಿಗೆ ಏಳು ವರ್ಷ ಶಿಕ್ಷೆ ಹಾಕ್ತು. ನವೆಂಬರಿನಲ್ಲಿ ಹೈಕೋರ್ಟು ಶಿಕ್ಷೆ ಅಮಾನತಲ್ಲಿಟ್ಟಿತು.

ರಾಜಾಜಿನಗರ_6ನೇ_ಬ್ಲಾಕ್:
ಜನಾರ್ದನ ರೆಡ್ಡಿದೂ ಅದೇ ಕತೆ. 2011ರ ಸೆಪ್ಟೆಂಬರ್‌ನಲ್ಲಿ ಅರೆಸ್ಟ್, 2023ರಲ್ಲಿ ಗಂಗಾವತಿಯಿಂದ ಶಾಸಕ, 2025ರ ಮೇನಲ್ಲಿ ಹೈದರಾಬಾದ್ ಸಿಬಿಐ ಕೋರ್ಟಿನಿಂದ ಏಳು ವರ್ಷ, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತು. ಪಕ್ಷ ಯಾವುದಾದ್ರೂ ಕ್ಯಾಲೆಂಡರ್ ಒಂದೇ.

ಶಿರಸಿ_ಅಡಕೆ:
ಗಂಗಾವತಿ ಜನ ಓಟು ಹಾಕಿದ್ದಲ್ವಾ? ಕೇಸ್ ಇದೆ ಅಂತ ಗೊತ್ತಿದ್ದೂ ಹಾಕಿದ್ದು. ನಾಯಕರಿಗೆ ನೈತಿಕತೆ ಬೇಕು ಅಂತ ನಾವು ಇಲ್ಲಿ ಟೈಪ್ ಮಾಡ್ತಾ ಕೂತಿದ್ದೇವೆ, ಅಷ್ಟೇ.

ಸಂಡೂರು_ಧೂಳು:
ಅಣ್ಣ, ಓಟು ಹಾಕ್ದವ್ರಿಗೆ ಬಯ್ಯೂದು ಭಾಳ ಸುಲಭ. ಎಲ್ಲಾ ಪಕ್ಷದಾಗೂ ಅಂಥವ್ರಾ ನಿಂತ್ರ ಮಂದಿ ಏನ್ ಮಾಡ್ಬೇಕು?

ಕಡತ_ವಿಲೇವಾರಿ:
ನಾನು ಸಚಿವಾಲಯದಲ್ಲಿ ಶಾಖಾಧಿಕಾರಿಯಾಗಿದ್ದು ನಿವೃತ್ತನಾದವನು. ಇಲಾಖೆ ಯಾವುದೆಂದು ಕೇಳಬೇಡಿ. ತಾವೆಲ್ಲ ರಾಜೀನಾಮೆಯ ಹಿಂದೆ ಬಿದ್ದಿದ್ದೀರಿ. ಅದು ಟಿವಿಯವರಿಗೆ ಬೇಕಾದ ಸಂಗತಿ. ಹೊಣೆಗಾರಿಕೆ ಇರುವುದು ಕಡತದ ಟಿಪ್ಪಣಿ ಹಾಳೆಯಲ್ಲಿ, ಅದು ತಪ್ಪಿಹೋಗುವುದೂ ಅಲ್ಲಿಯೇ.

ಹೇಗೆ ನಡೆಯುತ್ತದೆ ಹೇಳುತ್ತೇನೆ. ಸಾಹೇಬರು ಕರೆಯುತ್ತಾರೆ. ‘ಆ ಫೈಲ್ ಸ್ವಲ್ಪ ನೋಡ್ರಿ’ ಎನ್ನುತ್ತಾರೆ. ಅಷ್ಟೇ ಮಾತು. ಯಾರಿಗೆ ಕೊಡಬೇಕು, ಯಾವ ಷರತ್ತು ಸಡಿಲಿಸಬೇಕು ಎಂದು ಆಪ್ತ ಸಹಾಯಕರು ಹೊರಗೆ ಕಾರಿಡಾರಿನಲ್ಲಿ ಹೇಳುತ್ತಾರೆ. ನಾವು ವಾಪಸ್ ಬಂದು ಹಸಿರು ಹಾಳೆಯ ಮೇಲೆ ‘ಚರ್ಚಿಸಿದಂತೆ ಮಂಡಿಸಿದೆ’ ಎಂದು ಬರೆಯುತ್ತೇವೆ. ಯಾರೊಂದಿಗೆ ಚರ್ಚಿಸಿದ್ದು, ಎಂದು ಚರ್ಚಿಸಿದ್ದು, ಏನೂ ಇರುವುದಿಲ್ಲ. ವಿಷಯ ನಿರ್ವಾಹಕ, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಎಲ್ಲರ ಸಹಿ ಬೀಳುತ್ತದೆ. ಕೊನೆಗೆ ಮೇಲಿನಿಂದ ಒಂದೇ ಪದ ಬರುತ್ತದೆ: ‘ಅನುಮೋದಿಸಿದೆ’. ಕೆಲವೊಮ್ಮೆ ಅದೂ ಇಲ್ಲ, ಇನಿಷಿಯಲ್ ಮಾತ್ರ. ತನಿಖೆಗೆ ಬಂದಾಗ ಮೇಲಿನವರು ಹೇಳುವುದು ಒಂದೇ ಮಾತು, ‘ಇಲಾಖೆ ಪ್ರಸ್ತಾವ ಮಂಡಿಸಿತು, ನಾನು ಒಪ್ಪಿದೆ’.

ಇದನ್ನು ತಡೆಯಲು ಕಾನೂನು ಇಲ್ಲವೆಂದಲ್ಲ. ಅಖಿಲ ಭಾರತ ಸೇವೆಗಳ ನಡತೆ ನಿಯಮ 1968ರಲ್ಲೇ ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಮೌಖಿಕವಾದರೆ ಆಮೇಲೆ ಬರೆಸಿ ಖಚಿತಪಡಿಸಿಕೊಳ್ಳಬೇಕು ಎಂದಿದೆ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. ಆದೇಶ ಬಂದ ತಿಂಗಳು ನಮ್ಮ ಮಹಡಿಯಲ್ಲಿ ಎಲ್ಲರೂ ಅದರ ಜೆರಾಕ್ಸ್ ಇಟ್ಟುಕೊಂಡಿದ್ದೆವು. ಅದನ್ನು ಸಾಹೇಬರ ಎದುರು ತೆಗೆದು ತೋರಿಸಿದವರನ್ನು ನಾನಂತೂ ಕಾಣೆ. ತೋರಿಸಿದರೆ ಮರುವಾರ ಕಲಬುರಗಿ.

ಕಲ್ಬುರ್ಗಿ_ತೊಗರಿ:
ಕಲಬುರಗಿ ಅಂದ್ರ ಶಿಕ್ಷಾ ಏನ್ರೀ? ನಮ್ ಊರಿಗಿ ಬಂದವರೆಲ್ಲಾ ಶಿಕ್ಷಾಕ್ಕೇ ಬಂದಾರ ಅಂತ ತಿಳ್ಕೊಂಡೀರಿ. ಅದಕ್ಕೇ ಇಲ್ಲಿ ಕೆಲಸಾ ಆಗಲ್ಲ. ಇದೂ ಅನೈತಿಕಾನೇ.

ಕಡತ_ವಿಲೇವಾರಿ:
ತಮ್ಮ ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಿದೆ.

ತಿಪಟೂರು_ತೆಂಗು:
😂 ಆದ್ರೂ ಸರ್, ಮಂತ್ರಿ ರಾಜೀನಾಮೆ ಬೇಡ ಅಂತೀರಾ? ಗುಮಾಸ್ತನ ಸಹಿ ನೋಡ್ಕೊಂಡು ಗುಮಾಸ್ತನ್ನೇ ಹಿಡಿಯೋದಾ?

ಕಡತ_ವಿಲೇವಾರಿ:
ಬೇಡ ಎನ್ನಲಿಲ್ಲ. ಅದರಿಂದ ಏನಾಗಿದೆ ನೋಡಿ ಎಂದೆ. 2016ರ ಜುಲೈಯಲ್ಲಿ ಕೆ.ಜೆ. ಜಾರ್ಜ್ ರಾಜೀನಾಮೆ, ಸಿಐಡಿ ವರದಿ, ಸೆಪ್ಟೆಂಬರಿನಲ್ಲಿ ಮತ್ತೆ ಸಂಪುಟಕ್ಕೆ. 2022ರ ಏಪ್ರಿಲಿನಲ್ಲಿ ಈಶ್ವರಪ್ಪ ರಾಜೀನಾಮೆ, ಜುಲೈಯಲ್ಲಿ ಪುರಾವೆ ಇಲ್ಲವೆಂಬ ಬಿ ರಿಪೋರ್ಟ್. 2012ರಲ್ಲಿ ಸದನದಲ್ಲಿ ಮೊಬೈಲ್ ವಿಡಿಯೊ ಗಲಾಟೆಗೆ ಮೂವರು ಸಚಿವರು ಹೋದರು, ಅವರಲ್ಲೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿ. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬ ಮಾತು ಬೇರೆ. ರಾಜೀನಾಮೆ ಎಂದರೆ ಈಗ ರಜೆ ಚೀಟಿ.

ಹುಬ್ಬಳ್ಳಿ_ಗಿರ್ಮಿಟ್:
ಗಳಿಕೆ ರಜಾ. ಪಗಾರ ಸಹಿತ.

ರಾಜಾಜಿನಗರ_6ನೇ_ಬ್ಲಾಕ್:
ವಾಲ್ಮೀಕಿ ನಿಗಮದ್ದು ಬಿಟ್ಟುಬಿಟ್ರಿ, ಯಾಕೋ? ಮುಡಾನೂ ಬಿಟ್ರಿ? ಸಿದ್ದರಾಮಯ್ಯನವರ ಪತ್ನಿ 14 ಸೈಟು ವಾಪಸ್ ಕೊಟ್ಟಿದ್ದು ನೈತಿಕತೆನಾ, ಹೆದರಿಕೆನಾ?

ಶಿರಸಿ_ಅಡಕೆ:
ಶುರು ಆಯ್ತು ನೋಡಿ. ಇವರದ್ದು ಹೇಳಿದ್ರೆ ಅವರದ್ದು, ಅವರದ್ದು ಹೇಳಿದ್ರೆ ಇವರದ್ದು.

ಕಡತ_ವಿಲೇವಾರಿ:
ವಾಲ್ಮೀಕಿ ನಿಗಮದ ಪ್ರಕರಣದಲ್ಲಿ ಸಚಿವ ನಾಗೇಂದ್ರ 2024ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಜುಲೈಯಲ್ಲಿ ಇ.ಡಿ. ಬಂಧಿಸಿತು. ಮುಡಾದಲ್ಲಿ ತನಿಖೆಗೆ ರಾಜ್ಯಪಾಲರು ಕೊಟ್ಟ ಅನುಮತಿಯನ್ನು ಹೈಕೋರ್ಟ್ ಎತ್ತಿಹಿಡಿಯಿತು, ಆಮೇಲೆ ಲೋಕಾಯುಕ್ತ ಪೊಲೀಸರು ಬಿ ವರದಿ ಹಾಕಿದರು. ಇಷ್ಟೇ ದಾಖಲೆಯಲ್ಲಿರುವುದು. ಯಾರದ್ದನ್ನೂ ಬಿಟ್ಟಿಲ್ಲ.

ನಿರ್ವಾಹಕ:
ಪಕ್ಷದ ಜಗಳಕ್ಕೆ ಬೇರೆ ಥ್ರೆಡ್ ಇದೆ. ಮೂರು ಕಾಮೆಂಟ್ ತೆಗೆದಿದ್ದೇನೆ. ಮುಂದುವರಿಸಿ.

ಡಲ್ಲಾಸ್_ದಾವಣಗೆರೆ:
ನೀವೆಲ್ಲ ರಾಜಕಾರಣಿಗಳನ್ನೇ ಹಿಡಿದಿದ್ದೀರ. ಕಾರ್ಪೊರೇಟ್‌ನವರು ತಪ್ಪಿಸಿಕೊಂಡ್ರಲ್ಲ. ಇಲ್ಲಿ 2016ರಲ್ಲಿ ವೆಲ್ಸ್ ಫಾರ್ಗೊ ಬ್ಯಾಂಕು ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಾಂತರ ಖಾತೆ ತೆರೆದಿದ್ದು ಹೊರಗೆ ಬಂತು. ಮೊದಲು ಕೆಲಸ ಹೋಗಿದ್ದು ಕೌಂಟರಿನಲ್ಲಿ ಕೂತವರದ್ದು, ಸುಮಾರು 5,300 ಜನ. ಸಿಇಒ ಸೆನೆಟ್ ಮುಂದೆ ಚೆನ್ನಾಗಿ ಉಗಿಸಿಕೊಂಡ ಮೇಲೆ 41 ಮಿಲಿಯನ್ ಡಾಲರ್ ಮೌಲ್ಯದ ಷೇರು ಬಿಟ್ಟುಕೊಟ್ಟು ಅಕ್ಟೋಬರಿನಲ್ಲಿ ಮನೆಗೆ ಹೋದರು. ದುಡ್ಡು ವಾಪಸ್ ಕಿತ್ತುಕೊಳ್ಳೋದಿದೆಯಲ್ಲ, ಅದು ನಿಜವಾದ ಹೊಣೆ. ಇಂಡಿಯಾದಲ್ಲಿ ಯಾರ ಬೋನಸ್ ಹೀಗೆ ಕಿತ್ತುಕೊಂಡಿದ್ದಾರೆ?

ಲೆಕ್ಕಪರಿಶೋಧಕ_ಬಸವನಗುಡಿ:
ಕಿತ್ತುಕೊಂಡ ಉದಾಹರಣೆ ಇದೆ. ಐಸಿಐಸಿಐ ಬ್ಯಾಂಕ್ 2019ರಲ್ಲಿ ತನ್ನ ಎಂಡಿಯಾಗಿದ್ದ ಚಂದಾ ಕೊಚ್ಚರ್ ಅವರನ್ನು ವಜಾ ಮಾಡಿ, 2009ರಿಂದ ಕೊಟ್ಟ ಬೋನಸ್ ವಾಪಸ್ ಕೊಡಿ ಅಂತ ಕೇಳಿತು. ಆದರೆ ಕ್ರಮ ನೋಡಿ. 2018ರ ಶುರುವಿನಲ್ಲಿ ಅದೇ ಬೋರ್ಡು ‘ನಮಗೆ ಅವರ ಮೇಲೆ ಪೂರ್ಣ ವಿಶ್ವಾಸವಿದೆ’ ಅಂತ ಹೇಳಿಕೆ ಕೊಟ್ಟಿತ್ತು. ಬೋರ್ಡಿನಲ್ಲಿ ಆ ಹೇಳಿಕೆಗೆ ಕೈ ಎತ್ತಿದವರ ಹೊಣೆ ಎಷ್ಟು?

ಸತ್ಯಂ ಇನ್ನೂ ಚೆನ್ನಾಗಿದೆ. 2008ರ ಡಿಸೆಂಬರ್ 16ಕ್ಕೆ ಆ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕ ರಾಮಲಿಂಗ ರಾಜು ತಮ್ಮ ಮಕ್ಕಳ ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಲ್ಲಿ ಕೊಳ್ಳುವ ಪ್ರಸ್ತಾವ ತಂದರು, 160 ಕೋಟಿ ಡಾಲರು. ಹಾರ್ವರ್ಡ್ ಪ್ರೊಫೆಸರ್ ಇದ್ದ ಬೋರ್ಡು ಒಪ್ಪಿತು. ತಡೆದಿದ್ದು ಷೇರುದಾರರ ಗಲಾಟೆ. ಮೂರು ವಾರಕ್ಕೆ, 2009ರ ಜನವರಿ 7ಕ್ಕೆ ತಪ್ಪೊಪ್ಪಿಗೆ ಪತ್ರ. 2015ರಲ್ಲಿ ಏಳು ವರ್ಷ ಶಿಕ್ಷೆ.

ಈಗಿನ ಕಂಪನಿ ಕಾಯ್ದೆ 2013ರಲ್ಲಿ ಸ್ವತಂತ್ರ ನಿರ್ದೇಶಕರು ಹೊಣೆಯಾಗೋದು ಅವರಿಗೆ ಗೊತ್ತಿದ್ದು, ಬೋರ್ಡಿನ ಪ್ರಕ್ರಿಯೆ ಮೂಲಕ ನಡೆದು, ಅವರು ಒಪ್ಪಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಮಾತ್ರ. ಹಾಗಾಗಿ ಗೊತ್ತಾಗದಂತೆ ಇರೋದೇ ಕ್ಷೇಮ. ಕಡತ ಸಾಹೇಬರು ಹೇಳಿದ ‘ಚರ್ಚಿಸಿದಂತೆ’ ಇಲ್ಲೂ ಇದೆ. ದೊಡ್ಡ ನಿರ್ಧಾರ ಫೋನಿನಲ್ಲಿ ಆಗುತ್ತೆ, ಮಿನಿಟ್ಸ್‌ನಲ್ಲಿ ‘ಮಂಡಳಿ ವಿವರವಾಗಿ ಚರ್ಚಿಸಿ ಗಮನಕ್ಕೆ ತೆಗೆದುಕೊಂಡಿತು’ ಅಂತ ಬರುತ್ತೆ.

ರಾಜಾಜಿನಗರ_6ನೇ_ಬ್ಲಾಕ್:
ಇನ್ಫೋಸಿಸ್ ಬಗ್ಗೆ? 2017ರಲ್ಲಿ ಮೂರ್ತಿಯವರು ಪನಾಯಾ ಕಂಪನಿ ಖರೀದಿ, ಸಿಎಫ್‌ಒಗೆ ಕೊಟ್ಟ ಪರಿಹಾರ ಎರಡನ್ನೂ ಬಹಿರಂಗವಾಗಿ ಕೇಳಿದ್ರಲ್ಲ.

ಲೆಕ್ಕಪರಿಶೋಧಕ_ಬಸವನಗುಡಿ:
ಕೇಳಿದ್ದು ಒಳ್ಳೇದು. ಸಿಇಒ ಸಿಕ್ಕಾ ಆಗಸ್ಟಿನಲ್ಲಿ ಬಿಟ್ಟರು, ನಿಲೇಕಣಿ ಬಂದರು, ಅಕ್ರಮಕ್ಕೆ ಪುರಾವೆ ಇಲ್ಲ ಅಂತ ಕಂಪನಿ ಹೇಳಿತು. ಸ್ಥಾಪಕರು ಹೊರಗೆ ನಿಂತು ಪತ್ರಿಕೆಗಳ ಮೂಲಕ ಕೇಳಬೇಕಾಯ್ತು ಅಂದ್ರೆ ಒಳಗಿನ ವ್ಯವಸ್ಥೆ ಕೆಲಸ ಮಾಡಲಿಲ್ಲ ಅಂತಲೂ ಓದಬಹುದು. ಮೂರ್ತಿ ಅಷ್ಟು ದೊಡ್ಡವರಲ್ಲದಿದ್ದರೆ ಯಾರು ಕೇಳಿಸ್ಕೊಳ್ತಿದ್ದರು?

ಯುಬಿಸಿಟಿ_ಮುಂದಿನ_ಪುಟ್ಪಾತ್:
ಮಲ್ಯ ಹೆಸರು ಇಷ್ಟು ಹೊತ್ತಾದ್ರೂ ಬರಲಿಲ್ಲ, ಆಶ್ಚರ್ಯ. ನಾನೇ ಹೇಳ್ತೀನಿ, ಹೊಡೀಬೇಡಿ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ, ಅದೇ ಡಿಆರ್‌ಟಿ 2017ರಲ್ಲಿ ವಸೂಲಿ ಮಾಡಿ ಅಂದಿದ್ದು 6,203 ಕೋಟಿ ಮತ್ತೆ ಬಡ್ಡಿ. 2024ರ ಡಿಸೆಂಬರಿನಲ್ಲಿ ನಿರ್ಮಲಾ ಸೀತಾರಾಮನ್ ಅವರೇ ಸಂಸತ್ತಿನಲ್ಲಿ ಹೇಳಿದ್ದು 14,131 ಕೋಟಿಯಷ್ಟು ಆಸ್ತಿ ಬ್ಯಾಂಕಿಗೆ ಮರಳಿಸಿದ್ದೀವಿ ಅಂತ. ಹಾಗಾದ್ರೆ ಆ ಮನುಷ್ಯ ಇನ್ನೇನು ಕೊಡಬೇಕು? ಕಂಪನಿ ಮುಳುಗೋದು ಅಪರಾಧ ಅಲ್ಲ.

ಲೆಕ್ಕಪರಿಶೋಧಕ_ಬಸವನಗುಡಿ:
ಮುಳುಗೋದು ಅಪರಾಧ ಅಲ್ಲ, ಸರಿ. ಬಡ್ಡಿ ವರ್ಷಕ್ಕೆ 11.5 ಪರ್ಸೆಂಟು, 2013ರಿಂದ ಲೆಕ್ಕ ಹಾಕಿ. ಅದಿರಲಿ. 2012ರ ಅಕ್ಟೋಬರಿನಲ್ಲಿ ವಿಮಾನ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. 2015ರ ಡಿಸೆಂಬರಿನಲ್ಲಿ ಗೋವಾದಲ್ಲಿ ಅರವತ್ತರ ಹುಟ್ಟುಹಬ್ಬ. 2016ರ ಮಾರ್ಚ್ 2ಕ್ಕೆ ಲಂಡನ್. ಬ್ಯಾಂಕಿನ ಲೆಕ್ಕ ಚುಕ್ತಾ ಆಯ್ತು ಅಂತಲೇ ಇಟ್ಕೊಳ್ಳಿ, ಸಂಬಳದ ಲೆಕ್ಕ ಯಾರು ಕೇಳೋದು? ಸಾಲ ಕೊಟ್ಟವರಿಗೆ ಡಿಆರ್‌ಟಿ ಇದೆ, ದುಡಿದವರಿಗೆ?

ಬ್ಯಾಂಕಿನವರನ್ನೂ ಬಿಡಬೇಡಿ. ‘ಕಿಂಗ್‌ಫಿಷರ್’ ಅನ್ನೋ ಹೆಸರನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿದ್ದರು. 2016ರಲ್ಲಿ ಆ ಟ್ರೇಡ್‌ಮಾರ್ಕುಗಳನ್ನ 366 ಕೋಟಿ ಚಿಲ್ಲರೆಗೆ ಹರಾಜಿಗಿಟ್ಟರೆ ಕೊಳ್ಳೋಕೆ ಒಂದು ನರಪಿಳ್ಳೆ ಬರಲಿಲ್ಲ.

ಮೈಸೂರು_ಮೇಷ್ಟ್ರು:
ಅವರನ್ನು ಕರ್ನಾಟಕದಿಂದ ರಾಜ್ಯಸಭೆಗೆ ಎರಡು ಸಲ ಕಳಿಸಿದ್ದು ಯಾರು? 2002ರಲ್ಲೊಮ್ಮೆ, 2010ರಲ್ಲೊಮ್ಮೆ. ಒಂದು ಪಕ್ಷದ ಓಟಿನಿಂದ ಆಗುವ ಕೆಲಸವಲ್ಲ ಅದು. ವಿಮಾನ ಕಂಪನಿ ಮಾಲೀಕರನ್ನೇ ಸಂಸತ್ತಿನ ನಾಗರಿಕ ವಿಮಾನಯಾನ ಸಮಿತಿಯಲ್ಲಿ ಕೂರಿಸಿದ್ದರು. ಇದಕ್ಕೆ ಯಾವ ಪಕ್ಷದ ಅಧ್ಯಕ್ಷರು ಹೊಣೆ ಹೊತ್ತರು?

ಯುಬಿಸಿಟಿ_ಮುಂದಿನ_ಪುಟ್ಪಾತ್:
ಆರ್‌ಸಿಬಿ ತಂದುಕೊಟ್ಟಿದ್ದು ಅವರೇ ಅಂತ ಮರೀಬೇಡಿ 😄

ತಿಪಟೂರು_ತೆಂಗು:
ಆರ್‌ಸಿಬಿ ಹೆಸರು ಈ ಥ್ರೆಡ್‌ನಲ್ಲಿ ನಗೋ ಸ್ಮೈಲಿ ಜೊತೆ ಬೇಡ.

ಸುಮ್ನೆ_ಓದೋಳು:
ಇಲ್ಲೀವರೆಗೂ ಓದ್ತಾ ಇದ್ದೆ, ಈಗ ಬರೀತೀನಿ. ನಮ್ಮದು ದೊಡ್ಡ ಹಗರಣ ಏನಲ್ಲ. ನಾನು ಕೆಲಸ ಮಾಡ್ತಿದ್ದ ಕಂಪನಿ, ಹೆಸರು ಬೇಡ, ಬೆಂಗಳೂರಿಂದು. ಎಂಡಿ ಸಾಹೇಬ್ರು ಎಲ್ಲಾ ಸಮ್ಮೇಳನಕ್ಕೂ ಹೋಗಿ ‘ಮೌಲ್ಯಗಳು’ ಅಂತ ಭಾಷಣ ಮಾಡೋರು. ಪೇಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಪಿಎಫ್ 1,800 ಕಟ್ ಅಂತ ಇರೋದು. ಅಮ್ಮನ ಆಪರೇಷನ್‌ಗೆ ಅಡ್ವಾನ್ಸ್ ತಗೊಳ್ಳೋಣ ಅಂತ ಪಾಸ್‌ಬುಕ್ ತೆಗೆದ್ರೆ ಕಳೆದ ದೀಪಾವಳಿಯಿಂದ ಒಂದು ಎಂಟ್ರಿನೂ ಇಲ್ಲ. ಎಚ್‌ಆರ್ ಹುಡುಗಿ ನನ್ನ ಎದುರೇ ಅತ್ತಳು, ಅವಳ ಪಾಸ್‌ಬುಕ್ಕೂ ಖಾಲಿ.

ಕೇಳೋಕೆ ಹೋಗೋಷ್ಟ್ರಲ್ಲಿ ಎಂಡಿ ‘ವೈಯಕ್ತಿಕ ಕಾರಣ’ಕ್ಕೆ ರಾಜೀನಾಮೆ. ಆಡಿಟರ್ರೂ ವರ್ಷದ ಮಧ್ಯದಲ್ಲಿ ಬಿಟ್ಟುಹೋದ್ರು. ಹೊಸ ನಿರ್ದೇಶಕರು ಇಬ್ಬರು, ಒಬ್ಬರು ಹಳೇ ಎಂಡಿ ಡ್ರೈವರ್ ಅಂತ ಆಫೀಸಲ್ಲಿ ಮಾತು. ಮೇಲೆ ‘ತಾನಾಗಿ ಕುರ್ಚಿ ಬಿಟ್ಟೋರು ಯಾರು’ ಅಂತ ಕೇಳಿದ್ರಲ್ಲ, ನಮ್ಮ ಎಂಡಿ ಬಿಟ್ರು ನೋಡಿ, ತಾನಾಗೇ.

ಸಂಡೂರು_ಧೂಳು:
ಅಕ್ಕಾ, ಇದಾ ದೊಡ್ಡ ಹಗರಣ.

ಹುಬ್ಬಳ್ಳಿ_ಗಿರ್ಮಿಟ್:
ಡ್ರೈವರ್ ಡೈರೆಕ್ಟರ್! ಆ ಬಡಪಾಯಿ ಎಲ್ಲಿ ಸಹಿ ಮಾಡಂದ್ರೋ ಅಲ್ಲಿ ಮಾಡ್ಯಾನ. ನಾಳೆ ಜೇಲಿಗೆ ಹೋಗಾಂವ ಅವನಾ.

ತಿಪಟೂರು_ತೆಂಗು:
ಇದನ್ನ ಓದಿದ ಮೇಲೆ ಕಡತ ಸಾಹೇಬ್ರು ಹೇಳಿದ್ದು ಅರ್ಥ ಆಗ್ತಿದೆ. ಆದ್ರೂ ನಾನು ಪೂರ್ತಿ ಒಪ್ಪಲ್ಲ. ರಾಜೀನಾಮೆಗೆ ಬೆಲೆನೇ ಇಲ್ಲ ಅಂದ್ಬಿಟ್ರೆ ಮೇಲೆ ಕೂತೋರಿಗೆ ಅದಕ್ಕಿಂತ ಖುಷಿ ಇನ್ನೇನು? ‘ಕಾನೂನು ತನ್ನ ಕೆಲಸ ಮಾಡುತ್ತೆ’ ಅಂತ ಹೇಳಿ ಕೂತ್ಕೊಳ್ತಾರೆ. ಹದಿನಾಲ್ಕು ವರ್ಷ ಕಾನೂನು ತನ್ನ ಕೆಲಸ ಮಾಡ್ತಾ ಇರುತ್ತೆ.

ಕಡತ_ವಿಲೇವಾರಿ:
ಅದಕ್ಕೆ ಒಂದು ಚಿಕ್ಕ ವ್ಯವಸ್ಥೆ ಇತ್ತು. ಲೋಕಾಯುಕ್ತದಿಂದ 12(3) ವರದಿ, ಅಂದರೆ ಆರೋಪ ರುಜುವಾತಾಗಿದೆ ಎಂಬ ವರದಿ ಬಂದರೆ ಸಕ್ಷಮ ಪ್ರಾಧಿಕಾರ ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡಿತೆಂದು ತಿಳಿಸಬೇಕು. ಮಂತ್ರಿಯ ವಿಷಯದಲ್ಲಿ ಆ ಪ್ರಾಧಿಕಾರ ಮುಖ್ಯಮಂತ್ರಿ. ಅಂದರೆ ತನ್ನ ಸಂಪುಟದವನ ಮೇಲೆ ತಾನೇ ತೀರ್ಮಾನಿಸಬೇಕು. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಸೇರಿಸಿದ ಮೇಲೆ, ಅಧಿಕಾರದಲ್ಲಿದ್ದು ಮಾಡಿದ ಶಿಫಾರಸು, ತೀರ್ಮಾನಗಳ ವಿಚಾರಣೆ ಶುರು ಮಾಡಲೂ ಮೊದಲೇ ಅನುಮತಿ ಬೇಕು. ವಿಚಾರಣೆಗೆ ಮೊದಲು ಅನುಮತಿ, ಮೊಕದ್ದಮೆಗೆ ಮೊದಲು ಮತ್ತೊಂದು. ಎರಡು ಬೀಗ.

ಬೀಗ ಕಾಯಬೇಕಾದವರದ್ದೂ ಕೇಳಿ. 2015ರಲ್ಲಿ ಲೋಕಾಯುಕ್ತರ ಮಗನೇ ಸುಲಿಗೆ ಪ್ರಕರಣದಲ್ಲಿ ಬಂಧಿತ. ಎಲ್ಲರೂ ಒತ್ತಾಯಿಸಿದ ಮೇಲೆ ಡಿಸೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಅದನ್ನೇ ನೆಪ ಮಾಡಿ 2016ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ ತಂದರು, ಲೋಕಾಯುಕ್ತದ ಹಲ್ಲು ಕಿತ್ತರು. ಹೈಕೋರ್ಟ್ 2022ರ ಆಗಸ್ಟಿನಲ್ಲಿ ಎಸಿಬಿ ರದ್ದು ಮಾಡುವವರೆಗೆ ಆರು ವರ್ಷ. ಆ ಆರು ವರ್ಷ ಎರಡು ಪಕ್ಷ, ಒಂದು ಮೈತ್ರಿ, ಎಲ್ಲರೂ ಆಳಿದರು. ವಿರೋಧ ಪಕ್ಷದಲ್ಲಿದ್ದಾಗ ಎಸಿಬಿ ತೆಗೆಯುತ್ತೇವೆಂದವರು ಅಧಿಕಾರಕ್ಕೆ ಬಂದಾಗ ಅದನ್ನೇ ಇಟ್ಟುಕೊಂಡರು.

ಮೈಸೂರು_ಮೇಷ್ಟ್ರು:
ಲೋಕಾಯುಕ್ತ ವೆಂಕಟಾಚಲ ಅವರ ಕಾಲ ನೆನಪಿದೆಯೇ? 2001ರಿಂದ 2006. ಆಸ್ಪತ್ರೆ, ತಾಲ್ಲೂಕು ಕಚೇರಿ, ಆರ್‌ಟಿಒ, ಎಲ್ಲಿ ಯಾವಾಗ ಬಂದು ನಿಲ್ಲುತ್ತಾರೋ ಅಂತ ನಡುಗುತ್ತಿದ್ದರು.

ಶಿರಸಿ_ಅಡಕೆ:
ನಡುಗಿದ್ದು ಗುಮಾಸ್ತರು ಮೇಷ್ಟ್ರೇ. ಮಂತ್ರಿ ಯಾರು ನಡುಗಿದ್ದು?

ಸಂಡೂರು_ಧೂಳು:
ಒಂದ್ ಮಾತು ಸೇರಿಸ್ತೀನಿ. ನಮ್ಮ ಕಡಿ ಗಣಿ ನಿಂತದ್ದು ಯಾರದೋ ರಾಜೀನಾಮಿಯಿಂದ ಅಲ್ಲ. ಧಾರವಾಡದ ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋತು, ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಸಾಹೇಬ್ರು ಪರ್ಮಿಟ್ಟು, ತೂಕದ ಚೀಟಿ, ಬ್ಯಾಂಕ್ ಖಾತಿ ಎಲ್ಲಾ ಒಂದೊಂದಾ ತಾಳೆ ಹಾಕಿ ಕುಂತ್ರು. ಆಮ್ಯಾಲ 2011ರ ಜುಲೈ 29ಕ್ಕ ಬಳ್ಳಾರಿ ಜಿಲ್ಲಾದಾಗ ಗಣಿಗಾರಿಕಿ ಬಂದ್. 2013ರಾಗ ಅಕ್ರಮ ಭಾಳ ಇದ್ದ ‘ಸಿ ವರ್ಗ’ದ ಲೀಸ್ ರದ್ದು. ಕಡತ ಸಾಹೇಬ್ರು ಹೇಳೂದು ಖರೆ, ಕಾಗದನಾ ಹಿಡೀಬೇಕು. ಆದ್ರ ಕಾಗದ ಹಿಡಿದವ್ರಿಗೆ ಏನ್ ಸಿಕ್ತು, ನೂರಾರು ಅಧಿಕಾರಿಗಳ ಹೆಸರು ಇದ್ದ ರಿಪೋರ್ಟಿಂದ ಏನಾತು, ಅದನ್ನೂ ಕೇಳ್ರಿ. ದಂಡದ ರೊಕ್ಕ ಸಾವಿರಾರು ಕೋಟಿ ಕೂಡೇತಿ, ನಾಕು ಜಿಲ್ಲಾಕ್ಕ ಖರ್ಚು ಮಾಡಬೇಕಂತ. ನಮ್ಮೂರಿನ ಕೆರಿ ಹೂಳು ಹಂಗಾ ಐತಿ.

ಡಲ್ಲಾಸ್_ದಾವಣಗೆರೆ:
ಹಾಗಾದ್ರೆ ಥ್ರೆಡ್ ಶುರು ಮಾಡಿದವರ ಪ್ರಶ್ನೆಗೆ ಉತ್ತರ? ಕೊನೆಯ ದೊಡ್ಡ ಮನುಷ್ಯ ಯಾರು?

ಹುಬ್ಬಳ್ಳಿ_ಗಿರ್ಮಿಟ್:
ಸಿಂಧಿಯಾ ಅಂತ ಬರ್ಕೋರಿ. 1993. ಮುಂದ ಖಾಲಿ ಹಾಳಿ.

ಮೈಸೂರು_ಮೇಷ್ಟ್ರು:
1999ರಲ್ಲಿ ಗೈಸಾಲ್ ರೈಲು ಅಪಘಾತಕ್ಕೆ ನಿತೀಶ್ ಕುಮಾರ್ ಬಿಟ್ಟಿದ್ದರು. ಖಾಲಿ ಹಾಳೆ ಅಲ್ಲ.

ಹುಬ್ಬಳ್ಳಿ_ಗಿರ್ಮಿಟ್:
ನಿತೀಶ್ ಕುಮಾರ್ ಅವರ ರಾಜೀನಾಮಿ ಎಣಸಾಕ ಹ್ವಾದ್ರ ಇನ್ನೊಂದು ಥ್ರೆಡ್ ಬೇಕ್ರಿ ಮೇಷ್ಟ್ರ.

ಸುಮ್ನೆ_ಓದೋಳು:
ನನ್ನ ಪಿಎಫ್ ವಿಷ್ಯಕ್ಕೆ ಯಾರಾದ್ರೂ ದಾರಿ ಹೇಳ್ತೀರಾ? ರಾಜೀನಾಮೆ ಕೊಟ್ಟಿರೋ ಎಂಡಿನ ಹಿಡಿಯೋಕೆ ಆಗುತ್ತಾ?

ಲೆಕ್ಕಪರಿಶೋಧಕ_ಬಸವನಗುಡಿ:
ಆಗುತ್ತೆ. ಸಂಬಳದಿಂದ ಕತ್ತರಿಸಿ ಕಟ್ಟದಿದ್ದರೆ ಅದು ಬರೀ ಬಾಕಿ ಅಲ್ಲ, ಕ್ರಿಮಿನಲ್ ನಂಬಿಕೆದ್ರೋಹ. ಆ ತಿಂಗಳುಗಳಲ್ಲಿ ಕಂಪನಿ ನಡೆಸುತ್ತಿದ್ದವರು ಯಾರು ಅನ್ನೋದು ಮುಖ್ಯ, ಇವತ್ತಿನ ನಿರ್ದೇಶಕರು ಯಾರು ಅನ್ನೋದಲ್ಲ. ಪೇಸ್ಲಿಪ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟು, ಪಾಸ್‌ಬುಕ್ ಪ್ರಿಂಟು, ಕಂಪನಿ ವ್ಯವಹಾರ ಸಚಿವಾಲಯದ (ಎಂಸಿಎ) ವೆಬ್‌ಸೈಟಿನಿಂದ ನಿರ್ದೇಶಕರ ನೇಮಕ ರಾಜೀನಾಮೆ ತಾರೀಖು, ಇಷ್ಟು ಜೋಡಿಸಿ. ಮೊದಲು ಇಪಿಎಫ್‌ಒದ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ಹಾಕಿ ನಂಬರ್ ತಗೊಳ್ಳಿ. ಒಬ್ಬರೇ ಹಾಕಬೇಡಿ, ಎಚ್‌ಆರ್ ಹುಡುಗಿನೂ ಸೇರಿಸಿ ಎಷ್ಟು ಜನ ಸಿಗ್ತಾರೋ ಅಷ್ಟು ಜನ ಬೇರೆ ಬೇರೆ ಹಾಕಿ.

ಸುಮ್ನೆ_ಓದೋಳು:
ಥ್ಯಾಂಕ್ಸ್ ಸರ್. ರಿಚ್ಮಂಡ್ ಸರ್ಕಲ್ ಹತ್ರ ಇದೆಯಲ್ಲ, ಭವಿಷ್ಯ ನಿಧಿ ಭವನ, ಅಲ್ಲಿಗೇ ಹೋಗಬೇಕಾ?

ಕಡತ_ವಿಲೇವಾರಿ:
ಎಲ್ಲರೂ ಅಲ್ಲಿಗೇ ಹೋಗಿ ವಾಪಸ್ ಬರುತ್ತಾರೆ. ಕಂಪನಿಯ ಪಿಎಫ್ ಕೋಡ್ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ನೋಡಿಕೊಳ್ಳಿ, ಪೀಣ್ಯ, ಬೊಮ್ಮಸಂದ್ರ ಬೇರೆ ಬೇರೆ. ಅರ್ಜಿ ಎರಡು ಪ್ರತಿ ಒಯ್ಯಿರಿ ತಾಯಿ, ಒಂದರ ಮೇಲೆ ಸೀಲು, ತಾರೀಖು, ತೆಗೆದುಕೊಂಡವರ ಸಹಿ ಮೂರನ್ನೂ ಹಾಕಿಸಿಕೊಂಡೇ ಬನ್ನಿ. ‘ಮಾತಾಡಿದ್ದೀನಿ, ಆಗುತ್ತೆ’ ಅಂದರೆ ಕೌಂಟರ್ ಬಿಟ್ಟು ಕದಲಬೇಡಿ.